ಹುಸ್ನೆ ಆರಾಳನ್ನು ಗೇಟಿನೊಳಗೆ ಬಿಟ್ಟ ದಿನ

ಮುಂದಲೆಯ ಕೂದಲಿಗೆ ಮೇಕಪ್ಪಿನ ಮುದುಕ ಬಿಳಿ ಪುಡಿ ಒತ್ತುತ್ತಿದ್ದಾಗ ಕೇತಕಿಗೆ ತನ್ನ ಮೇಲೇ ನಗು ಬಂತು. ತಿಂಗಳಿಗೆರಡು ಸಲ ಬಾಗಿಲು ಹಾಕಿಕೊಂಡು ಕಪ್ಪು ಬಳಿದು ಮುಚ್ಚಿದ ನರೆ. ಅದರ ಮೇಲೆ ಈಗ ಸುಳ್ಳು ನರೆ. ನಿಜವಾದದ್ದನ್ನು ಹಾಗೇ ಬಿಟ್ಟಿದ್ದರೆ ಈ ಮುದುಕನಿಗೂ ಶ್ರಮ ತಪ್ಪುತ್ತಿತ್ತು, ಆದರೆ ನಿಜವಾಗಿ ನರೆತವಳನ್ನು ಬಡ ತಾಯಿಯ ಪಾತ್ರಕ್ಕೂ ಯಾರೂ ಕರೆಯುವುದಿಲ್ಲ. ಕಪ್ಪು ಕೂದಲಿನವಳನ್ನು ಕರೆಸಿ ಮುದುಕಿ ಮಾಡುವುದರಲ್ಲೇ ಇವರಿಗೆ ಸುಖ. ಉತ್ತರಾ ಬಡಾವಣೆಯ ಈ ಮನೆಯನ್ನು ಟಿವಿ ನಾಟಕಗಳ ಶೂಟಿಂಗಿಗೆಂದೇ ಬಾಡಿಗೆಗೆ ಕೊಡುತ್ತಾರೆ. ಮೇಲಿನ ಮಹಡಿಯಲ್ಲಿ ಯಾರದೋ ಮದುವೆ, ನಡುವಿನದರಲ್ಲಿ ಯಾರದೋ ತಲಾಖ್, ಕೆಳಗೆ ಇವಳ ಬಡತನ. ಒಂದೇ ಕಂದು ಸೋಫಾ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿರುತ್ತದೆ. ಮೂಲೆಯ ಮಂಚದ ಮೇಲೆ ಅವಳು ಈ ವರ್ಷವೇ ಮೂರು ಸಲ ಸತ್ತಿದ್ದಾಳೆ. ಎರಡು ಸಲ ಕ್ಷಯ, ಒಂದು ಸಲ ಸೊಸೆ. ಐವತ್ನಾಲ್ಕು ವರ್ಷ. ಇಪ್ಪತ್ತೇಳು ಸಿನಿಮಾಗಳ ನಾಯಕಿ. ಕನ್ನಡಿಯಲ್ಲಿ ಮುದುಕ ಅವಳ ಗಲ್ಲವನ್ನು ಎರಡು ಬೆರಳಿನಿಂದ ಎತ್ತಿ, ಕುಂಬಳಕಾಯಿ ಕೊಳ್ಳುವವನ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದ.

ನಿರ್ದೇಶಕ ರಾಯಿಹಾನ್ ಕಾಗದದ ಲೋಟದಲ್ಲಿ ಶುಂಠಿ ಚಹಾ ಹಿಡಿದು ಬಂದ. ಅವಳಿಗೆಂದು ತಂದದ್ದಲ್ಲ, ತಾನೇ ಕುಡಿಯುತ್ತಿದ್ದ. ಮೂವತ್ತರ ಹುಡುಗ, ಮಾತು ಮಾತ್ರ ಬೆಣ್ಣೆ.

"ಆಪಾ, ಒಂದು ಸಣ್ಣ ರಿಕ್ವೆಸ್ಟು. ಬರೆದಿರೋ ಡೈಲಾಗ್ ಬೇಡ. ನಿಮ್ಮೂರ ಕಡೆ ಮಾತು ಹಾಕ್ಬಿಡಿ. ಹಾತಿಯಾದೋರು ಮಾತಾಡ್ತಾರಲ್ಲ, ಆ ಥರ."

"ನಮ್ಮೂರು ಹಾತಿಯಾ ಅಂತ ನಿಮಗ್ಯಾರು ಹೇಳಿದ್ರು?"

"ಗೂಗಲ್‌ನಲ್ಲಿದೆ ಆಪಾ. ಈಗ ಅದಕ್ಕೆ ಭಾರೀ ಡಿಮ್ಯಾಂಡು. ಆ ಭಾಷೆ ಕೇಳಿದ್ರೆ ಸಾಕು, ಜನ ಬಿದ್ದು ಬಿದ್ದು ನಗ್ತಾರೆ."

"ನಗೋದಕ್ಕಾ ನನ್ನ ಕರೆಸಿದ್ದು?"

"ಅಯ್ಯೋ, ಪ್ರೀತಿಯಿಂದ ನಗೋದು ಆಪಾ! ನೀವು ಅಂದ್ರೆ ನಮಗೆಲ್ಲ ತಾಯಿ ಸಮಾನ."

ಅವನ ತಾಯಿಗೆ ನನಗಿಂತ ನಾಲ್ಕೈದು ವರ್ಷ ಕಡಿಮೆಯೇ ಇರಬೇಕು ಎಂದು ಲೆಕ್ಕ ಹಾಕುತ್ತ ಕೇತಕಿ ತಲೆಯಾಡಿಸಿದಳು. ಮೇಘ್ನಾ ನದಿ ಸಮುದ್ರಕ್ಕೆ ಬಂದು ಬೀಳುವಲ್ಲಿರುವ ಆ ದ್ವೀಪದ ಭಾಷೆಯನ್ನು ನಾಲಗೆಯಿಂದ ಕೆರೆದು ತೆಗೆಯಲು ಅವಳಿಗೆ ಹನ್ನೊಂದು ವರ್ಷ ಹಿಡಿದಿತ್ತು. ಕೆರೆದು ತೆಗೆದದ್ದನ್ನೇ ಈಗ ಮತ್ತೆ ಬಾಯಿಗೆ ಹಾಕಿಕೊಳ್ಳಬೇಕು, ಅದೂ ತಮಾಷೆಗೆ. ಅಷ್ಟರಲ್ಲಿ ಮಡಿಲಲ್ಲಿದ್ದ ಫೋನು ನಡುಗಿತು. ಗೊತ್ತಿಲ್ಲದ ನಂಬರು.

"ಖಾಲಾ, ಸಲಾಮ್. ನಾನು ಲೋಕ್‌ಮಾನ್. ಮೊಗ್‌ಬಜಾರಿನ ಹುಸ್ನೆ ಆರಾ ಅವರ ಮಗ. ಅಮ್ಮ ಬೆಳಗಿನ ಬಾಂಗ್ ಹೊತ್ತಿಗೆ ಹೋಗ್ಬಿಟ್ರು."

ಇಂಥ ಸುದ್ದಿ ಕೇಳಿದಾಗ ಹೇಳಬೇಕಾದ ಅರಬ್ಬಿ ಮಾತನ್ನು ಬಾಯಿ ತಾನಾಗಿ ಹೇಳಿತು. ಮನಸ್ಸು ಮಾತ್ರ ಖಾಲಾ ಎನ್ನುವ ಶಬ್ದಕ್ಕೆ ಸಿಕ್ಕಿಕೊಂಡಿತು. ತಾಯಿಯ ಒಡಹುಟ್ಟಿದವಳನ್ನು ಕರೆಯುವ ಹಾಗೆ ಕರೆಯುತ್ತಿದ್ದಾನೆ. ಅವನ ತಾಯಿಯೇ ಹಾಗೆ ಕರೆಯಲು ಕಲಿಸಿರಬೇಕು, ಮನೆಯಲ್ಲಿ ಇವಳ ಮಾತು ಬಂದಾಗಲೆಲ್ಲ. ಎಷ್ಟು ಸಲ ಬಂದಿರಬಹುದು? ನಾಲ್ಕು ವರ್ಷದಿಂದ ಇವಳು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

"ಖಾಲಾ, ಒಂದು ಉಪಕಾರ ಆಗ್ಬೇಕು. ಅಮ್ಮನ ಆಸೆ ಒಂದೇ ಇತ್ತು. ಮಣ್ಣಿಗೆ ಹೋಗೋ ಮುಂಚೆ ಮೊದಲನೇ ಜನಾಜಾ ನಮಾಜು ಸ್ಟುಡಿಯೋದಲ್ಲಿ ಆಗ್ಬೇಕು ಅಂತ. ಸಿನಿಮಾದೋರಿಗೆಲ್ಲ ಮಾಡ್ತಾರಲ್ಲ, ಹಾಗೆ. ನಗ್ತಾ ಹೇಳೋರು, ಆ ಗೇಟಿನ ಮುಂದೆ ನಿಂತು ನಿಂತು ಕಾಲು ಬಿದ್ದುಹೋಯ್ತು, ಒಂದು ಸಲ ಮಲಗಿಕೊಂಡಾದ್ರೂ ಸೀದಾ ಒಳಗೆ ಹೋಗ್ತೀನಿ ಅಂತ. ಸಂಘದೋರು ಆಗಲ್ಲ ಅಂತಿದಾರೆ. ಸದಸ್ಯರ ಪುಸ್ತಕದಲ್ಲಿ ಹೆಸರಿಲ್ವಂತೆ, ಯಾವ ಸಿನಿಮಾದ ಟೈಟಲ್‌ನಲ್ಲೂ ಇಲ್ವಂತೆ. ಕೇತಕಿ ಆಪಾ ಒಂದು ಮಾತು ಹೇಳಿದ್ರೆ ಸಾಕು ಅಂದ್ರು."

"ಏನಂತ ಹೇಳ್ಬೇಕು?"

"ಅಮ್ಮ ನಿಮಗೆ ದನಿ ಕೊಟ್ಟಿದ್ರು ಅಂತ. ನಾನು ಆಗ ಕುಮಿಲ್ಲಾದಲ್ಲಿ ಅಜ್ಜಿ ಮನೇಲಿದ್ದೆ ಖಾಲಾ, ಕಣ್ಣಾರೆ ಏನೂ ನೋಡಿಲ್ಲ. ಅಮ್ಮ ಹೇಳಿದ್ದಷ್ಟೇ ನನಗೆ ಗೊತ್ತು. ನಿಜ ಗೊತ್ತಿರೋದು ನಿಮಗೆ."

"ಮಾತಾಡ್ತೀನಿ" ಎಂದಳು. ಇಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಒಪ್ಪಿಕೊಂಡದ್ದು ಮಾತಾಡುವುದಕ್ಕೆ ಮಾತ್ರ, ಏನು ಮಾತಾಡುವುದಕ್ಕೆ ಅಂತಲ್ಲ ಎಂಬ ಸಣ್ಣ ಲಾಯರಿಕೆ ಒಳಗೆ ಆಗಲೇ ಶುರುವಾಗಿತ್ತು.

ಮುದುಕ ಈಗ ಕಣ್ಣಿನ ಕೆಳಗೆ ಮಸಿ ತಿಕ್ಕುತ್ತಿದ್ದ. ಕಣ್ಣು ಮುಚ್ಚಿಕೊಳ್ಳಿ ಎಂದ. ಮುಚ್ಚಿಕೊಂಡಳು, ಕತ್ತಲಾಯಿತು, ಆ ಕತ್ತಲಲ್ಲಿ ಧ್ವನಿಮುದ್ರಣದ ಕೋಣೆಯ ಪರದೆಯ ಮೇಲೆ ಅವಳದ್ದೇ ತುಟಿಗಳು ಬಾಗಿಲಿನಷ್ಟು ದೊಡ್ಡದಾಗಿ ಅಲ್ಲಾಡುತ್ತಿದ್ದವು. ಅವಳಿಗಾಗ ಹದಿನಾರು ವರ್ಷ. ಜುಬೇದಾ ಎಂಬ ಹೆಸರನ್ನು ತೆಗೆದು ಕೇತಕಿ ಎಂದು ಇಟ್ಟು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಆ ತುಟಿಗಳಿಗೆ ಮಾತು ಕೂಡಿಸಬೇಕಾಗಿತ್ತು. ಅವಳು ಬಾಯಿ ತೆರೆದದ್ದೇ ಗಾಜಿನ ಆಚೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀರು ಎನ್ನುವುದನ್ನೂ ಸರಿಯಾಗಿ ಹೇಳಲಾಗದು ಈ ಹುಡುಗಿಗೆ. ಮುಖ ನವಾಬನ ಮಗಳದ್ದು, ಬಾಯಿ ತೆರೆದರೆ ಮೀನಿನ ಬುಟ್ಟಿ ಎಂದ ಆ ಸಿನಿಮಾದ ನಿರ್ದೇಶಕ, ಮೈಕಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ. ನಗದೇ ಇದ್ದವಳು ಹಿಂದಿನ ಬೆಂಚಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದ ಒಬ್ಬಳೇ, ಹುಸ್ನೆ ಆರಾ. ದಪ್ಪ ಕನ್ನಡಕ, ಮಾಸಿದ ಹತ್ತಿ ಸೀರೆ, ಬಸುರಿ. ಎದ್ದು ಬಂದು ಇವಳ ಮಣಿಕಟ್ಟು ಹಿಡಿದುಕೊಂಡಳು. "ನೀನು ಪಕ್ಕದಲ್ಲಿ ನಿಂತ್ಕೊ ಮಗೂ, ಪರದೆ ನೋಡ್ಬೇಡ. ಶೂಟಿಂಗಲ್ಲಿ ಹೇಗೆ ಅತ್ತಿದ್ಯೋ ಹಾಗೇ ಸುಮ್ಮನೆ ಅಳು. ಶಬ್ದ ನಾನು ಮಾಡ್ತೀನಿ" ಎಂದಳು. ಹನ್ನೊಂದು ವರ್ಷ ಹಾಗೇ ನಡೆಯಿತು. ಬುಬು ಎಂದು ಕರೆದಳು ಅವಳನ್ನು, ಅಕ್ಕ ಎಂದು. ಬುಬು ಶೂಟಿಂಗಿಗೂ ಬಂದು ಒಂದು ಮೂಲೆಯಲ್ಲಿ ಕೂತು, ಇವಳು ಎಲ್ಲಿ ಉಗುಳು ನುಂಗುತ್ತಾಳೆ, ಎಲ್ಲಿ ಉಸಿರು ತುಂಡಾಗುತ್ತದೆ ಎಂದು ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಯಾರೂ ಅವಳಿಗೆ ಒಂದು ಕುರ್ಚಿಯನ್ನೂ ಹಾಕಿಸಲಿಲ್ಲ. ಕೇತಕಿಯೂ ಹಾಕಿಸಲಿಲ್ಲ. ಕುರ್ಚಿಯ ಮಾತು ಈಗ ಹೊಳೆಯುತ್ತಿದೆ, ಮೂವತ್ತೆಂಟು ವರ್ಷದ ಮೇಲೆ.

"ಆಯ್ತು ಆಪಾ, ಕಣ್ಣು ಬಿಡಿ" ಎಂದ ಮುದುಕ. ಕನ್ನಡಿಯಲ್ಲಿ ಒಬ್ಬಳು ದಟ್ಟ ದರಿದ್ರೆ ಕೂತಿದ್ದಳು. ಹರಿದ ಹಸಿರು ಅಂಚಿನ ಸೀರೆ ಉಟ್ಟು ಅವಳು ಹಿಂದಿನ ಬಾಲ್ಕನಿಗೆ ಹೋಗಿ ಕಲಾವಿದರ ಸಂಘದ ಕಾರ್ಯದರ್ಶಿ ಬಬ್ಲುವಿಗೆ ಫೋನು ಮಾಡಿದಳು. ಒಂದು ಕಾಲದಲ್ಲಿ ಖಳನಾಯಕನ ಹಿಂದೆ ಕೋಲು ಹಿಡಿದು ನಿಲ್ಲುತ್ತಿದ್ದವನು. ಇವಳ ಹೀರೋನಿಂದ ಏನಿಲ್ಲವೆಂದರೂ ನೂರು ಸಲ ಒದೆ ತಿಂದಿದ್ದ. ಈಗ ಅವನ ಮಾತಿಗೆ ಎಲ್ಲರೂ ಎದ್ದು ನಿಲ್ಲುತ್ತಾರೆ.

"ಆಪಾ! ಬೆಳಿಗ್ಗೆ ಬೆಳಿಗ್ಗೆ ನಿಮ್ಮ ದನಿ ಕೇಳಿದ್ನಲ್ಲ, ನನ್ನ ನಸೀಬು!"

"ಬಬ್ಲು ಭಾಯಿ, ಮೊಗ್‌ಬಜಾರಿನ ಹುಸ್ನೆ ಆರಾ..."

"ಹ್ಞಾಂ ಹ್ಞಾಂ, ಆ ಹುಡುಗ ಆರು ಗಂಟೆಯಿಂದ ನನ್ನ ಪ್ರಾಣ ಹಿಂಡ್ತಿದಾನೆ. ನೀವೇ ಹೇಳಿ ಆಪಾ, ಪುಸ್ತಕದಲ್ಲಿ ಹೆಸರಿಲ್ಲದೋರನ್ನ ಹೇಗೆ ಒಳಗೆ ತರ್ಸೋದು? ಇವತ್ತು ಇವಳು, ನಾಳೆ ಗೇಟಿನ ಮುಂದಿನ ಚಹಾದೋನು. ಸ್ಟುಡಿಯೋನ ಏನು ಗೋರಿಸ್ತಾನ ಮಾಡ್ಬೇಕಾ?" ಆಮೇಲೆ ದನಿ ತಗ್ಗಿಸಿದ. "ಆ ಹುಡುಗ ಏನಂತಾನೆ ಗೊತ್ತಾ? ನಿಮ್ಮ ಸಿನಿಮಾಗಳಿಗೆಲ್ಲ ದನಿ ಅವರಮ್ಮಂದೇ ಅಂತೆ. 'ಮುಳುಗಿದ ಅಂಗಳ'ದ್ದೂ ಅಂತೆ! ನನಗೆ ನಗು ತಡಿಯೋಕಾಗ್ಲಿಲ್ಲ. ಆದ್ರೂ ಕೇಳೋದು ನನ್ನ ಧರ್ಮ. ನೀವು ಹೌದು ಅನ್ನಿ, ಈಗಿಂದೀಗ್ಲೇ ಕಲಾವಿದೆ ಅಂತ ಬರೀತೀನಿ, ಪೇಪರ್‌ನೋರಿಗೂ ಕೊಡ್ತೀನಿ, ಹೂವಿನ ಹಾರ ಹಾಕಿ ಒಳಗೆ ತರಿಸ್ತೀನಿ. ಅಲ್ಲ ಅನ್ನಿ, ಬಿಟ್ಟಾಕ್ತೀನಿ. ಮುಂದಿನ ತಿಂಗಳು ಹನ್ನೆರಡಕ್ಕೆ ನಿಮ್ಮ ಸನ್ಮಾನ ಬೇರೆ ಇದೆ. ಮಂತ್ರಿಗಳು ಒಪ್ಕೊಂಡಿದಾರೆ. ದೊಡ್ಡ ಪರದೆ ಮೇಲೆ ಅದೇ ನದಿ ದಂಡೆ ಅಳು ಹಾಕ್ತಾ ಇದೀವಿ, ನಾಲ್ಕು ನಿಮಿಷ, ಪೂರ್ತಿ."

ಜೀವಮಾನದ ಸನ್ಮಾನ. ಹನ್ನೊಂದು ವರ್ಷದಿಂದ ಪ್ರತಿ ಚಳಿಗಾಲದಲ್ಲೂ ಹೆಸರು ಬರುತ್ತದೆ, ಹೋಗುತ್ತದೆ. ಇವಳಿಗಿಂತ ಕಿರಿಯರೆಲ್ಲ ಶಾಲು ಹೊದ್ದು ಇಳಿದದ್ದಾಯಿತು. ಈ ಸಲ ಸೀರೆಯನ್ನೂ ತೆಗೆದಿಟ್ಟಿದ್ದಾಳೆ, ಬಿಳಿ ಜಾಮ್‌ದಾನಿ. ಅದೊಂದು ಸಂಜೆ ಆಗಿಹೋಗಲಿ, ಆಮೇಲೆ ಈ ಬಡ ತಾಯಂದಿರನ್ನೆಲ್ಲ ಒಟ್ಟಿಗೆ ಮಣ್ಣು ಮಾಡಿ ಮನೆಯಲ್ಲಿ ಕೂರುತ್ತೇನೆ ಎಂದುಕೊಂಡಿದ್ದಳು. 'ಮುಳುಗಿದ ಅಂಗಳ'ದ ಆ ಅಳು. ಗಂಡನನ್ನು ನದಿ ಎಳೆದುಕೊಂಡು ಹೋದ ಮೇಲೆ ದಂಡೆಗುಂಟ ಓಡುತ್ತ ಹೆಸರು ಹಿಡಿದು ಕೂಗುವ ಹೆಂಗಸು. ಓಡಿದವಳು ಕೇತಕಿ. ಬಿದ್ದದ್ದು, ಮೊಣಕಾಲು ಒಡೆದುಕೊಂಡದ್ದು, ಕೆಸರು ತಿಂದದ್ದು ಎಲ್ಲ ಅವಳೇ. ಕೂಗಿದ್ದು ಮಾತ್ರ ಎರಡು ತಿಂಗಳ ಮೇಲೆ, ಗಾಳಿಯಾಡದ ಕೋಣೆಯಲ್ಲಿ ನಿಂತು, ಬುಬು. ಒಂದೇ ಸಲಕ್ಕೆ. ಆವತ್ತು ಅವಳು ಹಿಡಿದ ಹಿಡಿತಕ್ಕೆ ಕೇತಕಿಯ ಮಣಿಕಟ್ಟು ಕಪ್ಪುಗಟ್ಟಿ ಒಂದು ವಾರ ಉದ್ದ ತೋಳಿನ ರವಿಕೆ ತೊಡಬೇಕಾಯಿತು. ಆ ವರ್ಷದ ಪ್ರಶಸ್ತಿಯ ಸಮಿತಿಯವರು ಕಂಠ ತಮ್ಮದೇ ತಾನೆ ಎಂದು ಒಂದು ಕಾಗದ ಮುಂದಿಟ್ಟರು. ನಿರ್ಮಾಪಕ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಅವಳು ಸಹಿ ಹಾಕಿದಳು, ಕೇತಕಿ ಎಂದು. ಜುಬೇದಾ ಅಲ್ಲವಲ್ಲ ಎಂದು ಒಂದು ಕ್ಷಣ ಸಮಾಧಾನವೂ ಆಗಿತ್ತು. ವೇದಿಕೆಯ ಮೇಲೆ ಆ ಕೂಗನ್ನು ಒಮ್ಮೆ ಕೇಳಿಸಿ ಎಂದು ಜನ ಕೂಗಿದಾಗ ಮುಖ ಮುಚ್ಚಿಕೊಂಡು ಬಿಕ್ಕಿದಳು. ಎಂಥ ಹೃದಯವಂತೆ ಎಂದು ಬರೆದವು ಪತ್ರಿಕೆಗಳು. ಮಾರನೇ ದಿನ ಬುಬು ಫೋನು ಮಾಡಿ "ಚೆನ್ನಾಗಿ ತಪ್ಪಿಸ್ಕೊಂಡೆ ಕಣೇ" ಎಂದು ಮನಸಾರೆ ನಕ್ಕಿದ್ದಳು. ಅಸೂಯೆ ಪಟ್ಟಿದ್ದರೆ, ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಆಪಾ, ಲೈನಲ್ಲಿದೀರಾ?"

"ಆಕೆ ನನ್ನ ಜೊತೆ ಇದ್ದೋರು, ಬಬ್ಲು ಭಾಯಿ."

"ಜೊತೆ ಅಂದ್ರೆ? ಮನೆ ಕೆಲಸಕ್ಕಾ?"

ಬಾಲ್ಕನಿಯ ಕೆಳಗೆ ಮೂರೂ ಮಹಡಿಯವರಿಗೆ ಅಡುಗೆ ನಡೆಯುತ್ತಿತ್ತು. ಯಾರೋ ಒಣಮೀನು ಹುರಿಯುತ್ತಿದ್ದರು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಬಟ್ಟೆ ಬರೆ ನೋಡ್ಕೊಳ್ತಿದ್ರು. ಹಾಗೇ ಅನ್ಕೊಳ್ಳಿ."

"ಮತ್ತೆ ದನಿ?"

"ವಯಸ್ಸಾದೋರು. ಒಬ್ಬರೇ ಕೂತು ಕೂತು ಏನೇನೋ ಅನ್ಕೊಳ್ತಾರೆ. ಗೇಟು ತೆಗೆಸಿಬಿಡಿ ಭಾಯಿ, ನನಗೋಸ್ಕರ."

"ನಿಮ್ಮ ಮುಖ ನೋಡ್ಕೊಂಡು ತೆಗೆಸ್ತೀನಿ ಆಪಾ. ನಿಮ್ಮಂಥೋರು ಎಲ್ಲಿ ಸಿಗ್ತಾರೆ? ಕೆಲಸದೋಳಿಗೂ ಜನಾಜಾ ಮಾಡಿಸ್ತೀರಿ! ಮಧ್ಯಾಹ್ನ ಜೋಹರ್ ನಮಾಜ್ ಆದ ಮೇಲೆ ಇಟ್ಕೊಳ್ಳೋಣ. ಬಂದು ಹೋಗಿ, ನಾಲ್ಕು ಜನಕ್ಕೆ ಕಾಣಿಸ್ಲಿ."

ಫೋನು ಇಟ್ಟ ಮೇಲೆ ಅವಳಿಗೆ ಮೊದಲು ಅನಿಸಿದ್ದು ಹಗುರ. ಗೇಟು ತೆರೆಯಿತಲ್ಲ. ಬುಬು ಕೇಳಿದ್ದು ಗೇಟನ್ನು ತಾನೆ, ಹೆಸರನ್ನಲ್ಲವಲ್ಲ. ಸತ್ತವಳು ಯಾವ ಹೆಸರಿನಲ್ಲಿ ಒಳಗೆ ಹೋದರೇನು, ಹೋಗುವುದು ಮುಖ್ಯ. ಈ ವಾದವನ್ನು ಅವಳು ಎರಡು ಸಲ ಒಳಗೇ ಹೇಳಿಕೊಂಡಳು, ಎರಡನೇ ಸಲಕ್ಕೆ ಅದು ಇನ್ನಷ್ಟು ಸರಿಯಾಗಿ ಕೇಳಿಸಿತು. ಕಾರಿನ ಗಾಜು ಏರಿಸಿಕೊಂಡು ಆ ಗೇಟಿನಲ್ಲಿ ಒಳಗೆ ಹೋಗುತ್ತಿದ್ದ ದಿನಗಳಲ್ಲಿ ಒಂದು ಬೇಸಿಗೆಯ ಮಧ್ಯಾಹ್ನ, ಬುಬು ಕಾವಲುಗಾರನ ಮುಂದೆ ನಿಂತು ಕೈ ಆಡಿಸಿ ಏನೋ ವಾದಿಸುತ್ತಿದ್ದುದನ್ನು ಕಂಡಿದ್ದಳು. ಕಂಕುಳಲ್ಲಿ ಎರಡನೇ ಕೂಸು. ಆ ಕೂಸು ಉಳಿಯಲಿಲ್ಲ. ಬುಬು ಕಾರನ್ನು ಗುರುತು ಹಿಡಿದು ನಕ್ಕಳು, ಇನ್ನೇನು ಕೆಲಸ ಆಯಿತು ಎನ್ನುವ ಹಾಗೆ. ಕೇತಕಿಯ ಪಕ್ಕದಲ್ಲಿ ನಿರ್ಮಾಪಕ ಕೂತಿದ್ದ. ಗಾಜು ಇಳಿಸಲಿಲ್ಲ. ಇಳಿಸಿದ್ದರೆ ಯಾರಿವಳು ಎಂದು ಅವನು ಕೇಳುತ್ತಿದ್ದನೆ? ಇಲ್ಲ, ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು ಆಗ. ಈಗ ಗೊತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಸತ್ತು ಮುಗಿದಿದ್ದಾರೆ, ನಿಜವೆಂಬುದು ಇವಳ ಬಾಯಲ್ಲಿ ಒಂಟಿಯಾಗಿ ಉಳಿದಿದೆ. ಬೆಳಗಿನ ಬಾಂಗಿಗೆ ಸತ್ತವಳನ್ನು ಒಂಬತ್ತಕ್ಕೆ ಕೆಲಸದವಳನ್ನಾಗಿ ಮಾಡಿದೆ ಎಂದು ಅವಳು ತನಗೇ ಹೇಳಿಕೊಂಡಳು, ಹೇಳಿಕೊಂಡರೆ ಪಾಪ ಕಡಿಮೆಯಾಗುತ್ತದೋ ಎಂದು ನೋಡುವವಳ ಹಾಗೆ. ಆಗಲಿಲ್ಲ.

ಶಾಟ್ ರೆಡಿ ಎಂದು ಕೂಗಿದರು. ಶ್ರೀಮಂತ ಬೀಗರ ಮನೆಗೆ ಬಂದ ಹಳ್ಳಿಯ ತಾಯಿ ಸೋಫಾದಲ್ಲಿ ಕೂರಲು ಹೆದರಿ ನೆಲದ ಮೇಲೆ ಕೂತು ನೀರು ಕೇಳುತ್ತಾಳೆ. ಅಷ್ಟೇ ದೃಶ್ಯ. ರಾಯಿಹಾನ್ ಕಣ್ಣಲ್ಲೇ ನೆನಪಿಸಿದ. ಕೇತಕಿ ನೆಲದ ಮೇಲೆ ಕೂತಳು, ಬಾಯಿ ತೆರೆದಳು, ಮೂವತ್ತೆಂಟು ವರ್ಷದ ಕೆಳಗಿನಿಂದ ಅವಳ ಅವ್ವನ ನಾಲಗೆ ಯಾವ ಕಷ್ಟವೂ ಇಲ್ಲದೆ ಎದ್ದು ಬಂತು.

"ವಸಿ ನೀರ್ ಕೊಡವ್ವಾ, ಗಂಟ್ಲು ಒಣ್ಗೋಗದೆ. ಓಯ್ತೀನಿ, ಕುಡ್ಕಂಡು ಓಯ್ತೀನಿ."

ಲೈಟಿನವನು ಮೊದಲು ನಕ್ಕ. ಆಮೇಲೆ ಸೊಸೆಯ ಪಾತ್ರದವಳು ಸೆರಗು ಬಾಯಿಗಿಟ್ಟುಕೊಂಡಳು. ಕಟ್ ಎನ್ನುವುದನ್ನೂ ಮರೆತು ರಾಯಿಹಾನ್ ತೊಡೆ ತಟ್ಟಿ ನಗುತ್ತಿದ್ದ. "ಬೆಂಕಿ ಆಪಾ, ಬೆಂಕಿ! ಇದು ಈದ್‌ಗೆ ಓಡೋದಲ್ಲ, ಹಾರುತ್ತೆ!" ಅವರು ಕೆಟ್ಟವರಲ್ಲ, ನಗು ಬಂತು, ನಕ್ಕರು. ಕೇತಕಿ ಮಾತ್ರ ನೆಲದ ಮೇಲೆ ಕೂತೇ ಇದ್ದಳು. ಹದಿನಾರರ ಹುಡುಗಿ ಈ ನಗುವಿಗೆ ಹೆದರಿ ಇನ್ನೊಬ್ಬಳ ದನಿಯ ಹಿಂದೆ ಅಡಗಿದಳು. ಸಿನಿಮಾ ಕೈಬಿಟ್ಟು ಟಿವಿ ಕರೆದಾಗ, ಅಲ್ಲಿ ಶೂಟಿಂಗಿನಲ್ಲೇ ಮಾತು ಮುದ್ರಿಸಿಕೊಳ್ಳುತ್ತಾರೆಂದು ಗೊತ್ತಾದಾಗ, ಬಾಗಿಲು ಹಾಕಿಕೊಂಡು ತನ್ನವೇ ಹಳೆಯ ಸಿನಿಮಾಗಳನ್ನು ಹಾಕಿ, ಬುಬುವಿನ ದನಿಯನ್ನು ಕೇಳಿ ಕೇಳಿ ಕೇತಕಿಯ ಹಾಗೆ ಮಾತಾಡುವುದನ್ನು ಕಲಿತಳು. ಬೆಲೆ ತಿಳಿಯದೆ ಮಾಡಿದ ಕಳ್ಳತನ ಅದಲ್ಲ; ಪ್ರತಿ ಉಸಿರಿನ ಬೆಲೆಯೂ ಗೊತ್ತಿತ್ತು. ನಾಲ್ಕು ವರ್ಷದ ಕೆಳಗೆ ಕೊನೆಯ ಸಲ ಹೋದಾಗ ಬುಬು ಬಿಸಿ ಚಿತೊಯಿ ರೊಟ್ಟಿಗೆ ಒಣಮೀನಿನ ಚಟ್ನಿ ಹಾಕಿ ಮುಂದಿಟ್ಟು, "ಟಿವೀಲಿ ನೋಡ್ತಿರ್ತೀನಿ. ಈಗ ಚೆನ್ನಾಗಿ ಮಾತಾಡ್ತೀಯ ಕಣೇ. ನನಗಿಂತ ಚೆನ್ನಾಗಿ" ಎಂದಿದ್ದಳು. ಕಣ್ಣಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಅದಕ್ಕೇ ಮತ್ತೆ ಹೋಗಲಿಲ್ಲ. ಕೊಂಕಿದ್ದಿದ್ದರೆ ಜಗಳವಾಡಿಯಾದರೂ ಹೋಗಿ ಬರಬಹುದಿತ್ತು.

"ಮೂರು ಗಂಟೆ ಹೊತ್ತು ಬಿಡಿ, ತೇಜ್‌ಗಾಂವಿನ ಸ್ಟುಡಿಯೋಗೆ ಹೋಗಿ ಬರ್ತೀನಿ. ಒಂದು ಜನಾಜಾ" ಎಂದಳು. ರಾಯಿಹಾನ್ ಮುಖ ಚಿಕ್ಕದು ಮಾಡಿ ಗಡಿಯಾರ ನೋಡಿದ. "ಹೋಗ್ಬನ್ನಿ ಆಪಾ, ಆದ್ರೆ ಸೀರೆ ಬದಲಿಸ್ಬೇಡಿ, ಮುಖಾನೂ ತೊಳೀಬೇಡಿ. ಬಂದ ಮೇಲೆ ಇದೇ ಸೀನು ಮುಂದುವರಿಯುತ್ತೆ."

ಹಾಗೆ ಅವಳು ಹರಿದ ಸೀರೆಯಲ್ಲಿ, ಸುಳ್ಳು ನರೆಯಲ್ಲಿ ಹೊರಟಳು. ಏರ್‌ಪೋರ್ಟ್ ರಸ್ತೆಯಲ್ಲಿ ಗಾಡಿಗಳು ಹೆಜ್ಜೆ ಹೆಜ್ಜೆಗೆ ನಿಲ್ಲುತ್ತಿದ್ದವು. ಬನಾನಿಯ ಸಿಗ್ನಲ್ಲಿನಲ್ಲಿ ಮಲ್ಲಿಗೆ ಮಾರುವವಳು ಗಾಜಿಗೆ ಮುಖವಿಟ್ಟು ಒಳಗೆ ನೋಡಿ, ತನಗಿಂತ ಬಡವಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಿರುವುದನ್ನು ಕಂಡು ಗಲಿಬಿಲಿಗೊಂಡು ಹಿಂದೆ ಸರಿದಳು. ಇನ್ನೂ ಹೇಳಬಹುದು ಎಂದು ಅವಳಿಗೆ ಅನಿಸುತ್ತಿತ್ತು. ಗೇಟಿನಲ್ಲಿ ಇಳಿದ ಕೂಡಲೇ ಬಬ್ಲುವನ್ನು ಪಕ್ಕಕ್ಕೆ ಕರೆದು, ಇಲ್ಲ, ಪಕ್ಕಕ್ಕೆ ಯಾಕೆ, ಎಲ್ಲರ ಎದುರಿಗೇ, ಈಕೆ ನನ್ನ ಕಂಠ ಎಂದುಬಿಡಬಹುದು. ಒಂದು ವಾಕ್ಯ. ಎರಡು ದಿನ ಪೇಪರಿನಲ್ಲಿ ಬೈಯುತ್ತಾರೆ. ಸನ್ಮಾನ ಹೋಗುತ್ತದೆ. ಆ ಕಾಗದದ ಸಹಿಯನ್ನು ಯಾರಾದರೂ ಕೆದಕುತ್ತಾರೆ. ಹೋಗಲಿ. ಮೊಹಾಖಾಲಿಯ ಮೇಲುಸೇತುವೆಯ ತನಕ ಅವಳು ಧೈರ್ಯವಂತೆಯಾಗಿದ್ದಳು. ಇಳಿಜಾರಿನಲ್ಲಿ ಬಿಳಿ ಜಾಮ್‌ದಾನಿ ನೆನಪಾಯಿತು. ಇವತ್ತೇ ಯಾಕೆ ಹೇಳಬೇಕು, ಹದಿಮೂರನೇ ತಾರೀಕು ಹೇಳಿದರಾಯಿತು, ನಲವತ್ತನೇ ದಿನದ ಊಟದ ಹೊತ್ತಿಗೆ ದೊಡ್ಡದಾಗಿ ಹೇಳಿದರಾಯಿತು ಎಂದುಕೊಂಡಳು. ಹಾಗೆಂದುಕೊಂಡ ಕೂಡಲೇ ತಾನು ಎಂದೂ ಹೇಳುವವಳಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು, ಮತ್ತು ತನ್ನ ಮೇಲೆ ಹೇಸಿಗೆ ಹುಟ್ಟಿತು.

ಗೇಟು ಹಾರುಹೊಡೆದಿತ್ತು. ಶವದ ಫ್ರೀಜರ್ ಗಾಡಿ ಒಳಗೆ, ಧ್ವನಿಮುದ್ರಣದ ಹಳೆಯ ಕಟ್ಟಡದ ಮುಂದೆಯೇ ನಿಂತಿತ್ತು. ನಲವತ್ತು ಜನ ಇದ್ದರೆ ಹೆಚ್ಚು. ಲೈಟಿನವರು, ಹೊಡೆದಾಟದವರು, ಮಸೀದಿಯಿಂದ ಹಾಗೇ ಬಂದ ಯಾರೋ. ಮೂರು ಮೊಬೈಲುಗಳು ಅವಳ ಮುಖದ ಮುಂದೆ ಬಂದವು.

"ಆಪಾ, ನಿಮ್ಮ ಮನೆ ಕೆಲಸದೋರ ಜನಾಜಾಕ್ಕೆ ಸ್ವತಃ ನೀವೇ ಬಂದಿದೀರಿ. ಇಷ್ಟು ಸರಳವಾಗಿ ಇರೋದಕ್ಕೆ ಹೇಗೆ ಸಾಧ್ಯ?"

"ಸೀರೆನೂ ನೋಡ್ರೋ" ಎಂದ ಇನ್ನೊಬ್ಬ ತನ್ನ ಜೊತೆಯವನಿಗೆ. "ದುಃಖದಲ್ಲಿ ಬಟ್ಟೆ ಕಡೆಗೂ ಗಮನ ಇಲ್ಲ."

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೆಂಗಸರು ನಿಂತಿದ್ದ ನೆರಳಿಗೆ ಹೋದಳು. ನಾಲ್ಕೇ ಜನ ಹೆಂಗಸರು, ಮೊಗ್‌ಬಜಾರಿನ ನೆರೆಯವರು. ಅವರು ಅವಳಿಗೆ ಜಾಗ ಬಿಟ್ಟರು, ಸ್ವಲ್ಪ ಜಾಸ್ತಿಯೇ ಬಿಟ್ಟರು. ಚಟ್ಟವನ್ನು ಇಳಿಸಿದಾಗ ಒಮ್ಮೆ ಮುಖದ ಬಿಳಿ ಬಟ್ಟೆ ಸರಿಸಿ ತೋರಿಸಿದರು. ಬುಬು ಇಷ್ಟು ಸಣ್ಣಗಾಗಿದ್ದಾಳೆಂದು ಕೇತಕಿಗೆ ಗೊತ್ತಿರಲಿಲ್ಲ. ಕನ್ನಡಕವಿಲ್ಲದ ಆ ಮುಖವನ್ನು ಅವಳು ಮೊದಲ ಸಲ ನೋಡುತ್ತಿದ್ದಳು, ಅಳು ಬರಲಿ ಎಂದು ಕಾದಳು. ಎಷ್ಟೋ ಸಲ ಗ್ಲಿಸರಿನ್ ಇಲ್ಲದೆ ಅತ್ತ ಕಣ್ಣು. ಈಗ ಒಂದು ಹನಿಯೂ ಬರಲಿಲ್ಲ.

ಗಂಡಸರು ಸಾಲಾಗಿ ನಿಂತರು. ಇಮಾಮರು ಮುಂದೆ ಬಂದು ಹಿಂದೆ ತಿರುಗಿ ನೋಡಿದರು: ಮನೆಯವರು ಹೇಳುವುದೇನಾದರೂ ಇದ್ದರೆ ಹೇಳಬಹುದು. ಇದು ಎಲ್ಲ ಜನಾಜಾದಲ್ಲೂ ಇರುವುದೇ. ಸತ್ತವರ ಮಗ ಎದ್ದು ನಿಂತು ಕ್ಷಮೆ ಕೇಳುತ್ತಾನೆ, ಜನ ಕ್ಷಮಿಸಿದೆವು ಎನ್ನುತ್ತಾರೆ. ನೊಂದವರು ಬಾಯಿಬಿಟ್ಟು ಕ್ಷಮಿಸದಿದ್ದರೆ ಸತ್ತವರ ಹೆಗಲಿನ ಭಾರ ಇಳಿಯುವುದಿಲ್ಲ. ಲೋಕ್‌ಮಾನ್ ಮುಂದೆ ಬಂದ. ನಲವತ್ತರ ಹತ್ತಿರದವನು, ಔಷಧಿ ಅಂಗಡಿಯಲ್ಲಿ ನಿಂತು ನಿಂತು ಬೆನ್ನು ಸ್ವಲ್ಪ ಬಾಗಿತ್ತು, ತಾಯಿಯದೇ ದಪ್ಪ ಕನ್ನಡಕ.

"ನಾನು ಇವರ ಮಗ. ನಮ್ಮಮ್ಮ ಮಾತಲ್ಲಾಗ್ಲಿ ನಡತೇಲಾಗ್ಲಿ ಯಾರಿಗಾದ್ರೂ ನೋಯ್ಸಿದ್ರೆ ಅಲ್ಲಾಹನಿಗೋಸ್ಕರ ಕ್ಷಮಿಸ್ಬಿಡಿ."

"ಕ್ಷಮಿಸಿದೀವಿ, ಕ್ಷಮಿಸಿದೀವಿ" ಎಂದು ಸಾಲುಗಳು ಗೊಣಗಿದವು. ಇಮಾಮರು ನಮಾಜಿನ ದಿಕ್ಕಾದ ಕಿಬ್ಲಾದ ಕಡೆ ತಿರುಗಲಿದ್ದರು.

"ಇನ್ನೊಂದು ಮಾತಿದೆ" ಎಂದ ಲೋಕ್‌ಮಾನ್. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಹೆಂಗಸರ ಕಡೆ ನೋಡಿದ. "ಕೇತಕಿ ಮೇಡಂ ಇಲ್ಲಿದಾರೆ. ಅವರ ಹತ್ರ ಬೇರೆಯಾಗೇ ಕೇಳ್ಬೇಕು. ಅಮ್ಮ ಬಹಳ ವರ್ಷದಿಂದ ಕೇರಿಯೋರ ಹತ್ರ, ನೆಂಟರ ಹತ್ರ, ಮೇಡಂ ಅವರ ಸಿನಿಮಾಗಳಲ್ಲಿರೋ ದನಿ ನಂದೇ ಅಂತ ಹೇಳ್ಕೊಂಡು ಬಂದಿದ್ರು. ನಾನೂ ನಂಬಿದ್ದೆ. ಶಾಲೇಲಿ ಹೇಳ್ಕೊಂಡು ಮೆರೆದಿದೀನಿ. ಇವತ್ತು ಬೆಳಿಗ್ಗೆ ಕಾರ್ಯದರ್ಶಿಗಳು ಹೇಳಿದ ಮೇಲೆ ನನಗೆ ಗೊತ್ತಾಯ್ತು. ಇಷ್ಟು ಸುಳ್ಳು ಹೇಳಿಯೂ ಮೇಡಂ ಮನಸ್ಸಲ್ಲಿ ಏನೂ ಇಟ್ಕೊಳ್ಳದೆ ಗೇಟು ತೆಗೆಸಿದ್ರು. ಮೇಡಂ, ಅವಳು ಬಡವಿ, ಒಂಟಿ ಹೆಂಗಸು, ಏನೋ ಒಂದು ದೊಡ್ಡದು ಬೇಕಾಗಿತ್ತು ಅವಳಿಗೆ, ಹೇಳ್ಕೊಂಡ್ಬಿಟ್ಳು. ಆ ಸುಳ್ಳನ್ನ ಕ್ಷಮಿಸ್ಬಿಡಿ. ನೀವು ಕ್ಷಮಿಸ್ದೆ ಅವಳನ್ನ ಮಣ್ಣಿಗೆ ಇಡೋಕೆ ನನಗೆ ಮನಸ್ಸು ಬರ್ತಿಲ್ಲ."

ನಲವತ್ತು ಮುಖಗಳು ತಿರುಗಿದವು. ಕೇತಕಿ ಅವನ ದನಿಯಲ್ಲಿ ಕೊಂಕು ಹುಡುಕಿದಳು. ಎಲ್ಲಾದರೂ ಒಂದು ಎಳೆ ಚುಚ್ಚು ಸಿಕ್ಕಿದ್ದರೆ ಅದನ್ನೇ ಹಿಡಿದು ಸಿಟ್ಟಾಗಬಹುದಿತ್ತು, ಸಿಟ್ಟಿನಲ್ಲಿ ನಿಜ ಹೊರಗೆ ಬೀಳುತ್ತಿತ್ತೋ ಏನೋ. ಇರಲಿಲ್ಲ. ಆ ಮುಖದಲ್ಲಿ ನಾಚಿಕೆ ಮಾತ್ರ ಇತ್ತು, ತಾಯಿಗಾಗಿ ಪಡುವ ನಾಚಿಕೆ, ಇಂದು ಬೆಳಿಗ್ಗೆಯ ತನಕ ಇರದಿದ್ದದ್ದು. ಕ್ಷಮಿಸುವುದಿಲ್ಲ ಎನ್ನಲಾಗದು; ಕ್ಷಮಿಸಲು ಏನೂ ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಬಬ್ಲು ಕೈ ಕಟ್ಟಿಕೊಂಡು, ಸಮಾರಂಭ ಚೆನ್ನಾಗಿ ನಡೆಯುತ್ತಿದೆ ಎನ್ನುವ ಮುಖದಲ್ಲಿ ನಿಂತಿದ್ದ. ಮೊಬೈಲುಗಳು ಮೇಲಕ್ಕೆದ್ದವು. ಬಿಸಿಲಿನಲ್ಲಿ ಚಟ್ಟದ ಮೇಲಿನ ಬಿಳಿ ಬಟ್ಟೆ ಕಣ್ಣು ಕುಕ್ಕುತ್ತಿತ್ತು.

"ಕ್ಷಮಿಸಿದ್ದೇನೆ" ಎಂದಳು, ತುಟಿಯೊಳಗೆ.

"ಜೋರಾಗಿ ಆಪಾ" ಎಂದ ಬಬ್ಲು. "ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ. ಎಲ್ಲರಿಗೂ ಕೇಳ್ಬೇಕು, ಆಗಲೇ ಸರಿ."

ಅವಳು ಉಸಿರು ಎಳೆದುಕೊಂಡಳು. ಹೊಟ್ಟೆಯಿಂದ ಎಳೆದುಕೊಳ್ಳಬೇಕು, ಎದೆಯಿಂದಲ್ಲ ಎಂದು ಬುಬು ಹೇಳಿಕೊಟ್ಟ ಹಾಗೆ.

"ಹುಸ್ನೆ ಆರಾಳನ್ನು ನಾನು ಕ್ಷಮಿಸಿದ್ದೇನೆ."

ಒಂದು ಅಕ್ಷರವೂ ಒಡೆಯದೆ, ಕೊನೆಯ ಸಾಲಿನ ತನಕ ಹೋಯಿತು. ಲೋಕ್‌ಮಾನನ ಮುಖ ಸಡಿಲವಾಯಿತು. ಹಣೆಗೆ ಕೈ ಮುಟ್ಟಿಸಿ ಸಲಾಮು ಮಾಡಿ, "ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಮೇಡಂ" ಎಂದು, ಚಪ್ಪಲಿ ಬಿಟ್ಟು, ಮೊದಲ ಸಾಲಿನಲ್ಲಿ ತಾಯಿಯ ಎದುರಿಗೆ ಹೋಗಿ ನಿಂತ.